ಹೊಗೆ ಕ್ಯಾನಿಗೊಂದು ಗಾಡಿ

ಬೆಳಗಿನ ಆರು ಗಂಟೆ. ರಾಮಾಪುರದಿಂದ ಕಾಡಿನ ಕಡೆಗೆ ಹೋಗುವ ಟಾರು ರಸ್ತೆ ಒಂದು ಹುಣಸೆಮರದ ಹತ್ತಿರ ಮುಗಿಯುತ್ತದೆ. ಅಲ್ಲಿಂದಾಚೆ ಕಲ್ಲು, ಕೊರಕಲು, ಹಳ್ಳದ ಮರಳು. ಮರದ ಕೆಳಗೆ ಕೆಂಪು ಮೋಟಾರ್ ಸೈಕಲ್ಲೊಂದನ್ನು ನಿಲ್ಲಿಸಿ, ಜಡೇಸ್ವಾಮಿ ಅದರ ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾರೆ. ಟ್ಯೂಬಿನ ವಾಲ್ವಿಗೆ ಬೆಂಕಿಕಡ್ಡಿ ಒತ್ತಿ ಹಿಡಿದು, ಒಂದು ಎರಡು ಎಂದು ಎಣಿಸುತ್ತ ಗಾಳಿ ಬಿಡುತ್ತಿದ್ದಾರೆ. ಹಿಂದಿನ ಚಕ್ರಕ್ಕೆ ಇಪ್ಪತ್ತರವರೆಗೆ ಎಣಿಕೆ, ಮುಂದಿನದಕ್ಕೆ ಹನ್ನೆರಡು.

ಸೌದೆಗೆ ಹೊರಟ ಹೆಂಗಸೊಬ್ಬಳು ನಿಂತು ನೋಡುತ್ತಾಳೆ. "ಏನ್ ಡಾಕ್ಟ್ರೇ, ಎಲ್ರೂ ಗಾಳಿ ಹೊಡ್ಕಂಡು ಓದ್ರೆ ನೀವು ಬುಟ್ಕಂಡು ಓಯ್ತೀರಲ್ಲ."

"ಟಾರಿಗೆ ಗಟ್ಟಿ, ಕಲ್ಲಿಗೆ ಮೆತ್ತಗೆ ಕಣವ್ವ," ಎನ್ನುತ್ತಾರೆ ಜಡೇಸ್ವಾಮಿ ತಲೆಯೆತ್ತದೆ. "ವಾಪಸ್ ಬರುವಾಗ ಇಲ್ಲೇ ಹೊಡ್ಕತೀನಿ." ಗಾಡಿಗೆ ಸೈಕಲ್ ಪಂಪೊಂದನ್ನು ಕಟ್ಟಿಕೊಂಡಿದ್ದಾರೆ. ದಿನಕ್ಕೆರಡು ಸಲ ಈ ಕೆಲಸ. ಹೋಗುವಾಗ ಬಿಡುವುದು, ಬರುವಾಗ ತುಂಬುವುದು.

ಜನ ಡಾಕ್ಟ್ರು ಎಂದರೂ ಅವರು ಡಾಕ್ಟರಲ್ಲ. ಹಾಲಿನ ಸಂಘದ ಕಡೆಯಿಂದ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವರು. ಸುತ್ತಿನ ಹಳ್ಳಿಗಳಲ್ಲಿ ಇದಕ್ಕೆ ಸೂಜಿ ಹಾಕುವುದು ಎನ್ನುತ್ತಾರೆ. ಒಳ್ಳೆಯ ತಳಿಯ ಹೋರಿಯ ವೀರ್ಯವನ್ನು ಹುಲ್ಲುಕಡ್ಡಿಯಷ್ಟು ತೆಳುವಾದ ನಳಿಗೆಗಳಲ್ಲಿ ತುಂಬಿ, ದ್ರವ ಸಾರಜನಕದ ಕ್ಯಾನಿನಲ್ಲಿ ಮುಳುಗಿಸಿ ಇಟ್ಟಿರುತ್ತಾರೆ. ಅದು ಮಂಜುಗಡ್ಡೆಗಿಂತ ಎಷ್ಟೋ ಪಾಲು ತಣ್ಣಗೆ. ಮುಚ್ಚಳ ತೆಗೆದರೆ ಬಿಳಿ ಆವಿ ಉಕ್ಕುವುದರಿಂದ ಅದಕ್ಕೆ ಇಲ್ಲಿ ಹೊಗೆ ಕ್ಯಾನು ಎಂದೇ ಹೆಸರು. ಮುಚ್ಚಳವನ್ನು ಬಿಗಿಯುವಂತಿಲ್ಲ, ಬಿಗಿದರೆ ಆವಿ ಒಳಗೇ ಸೇರಿ ಕ್ಯಾನು ಸಿಡಿಯುತ್ತದೆ. ವಾಲಿಸುವಂತಿಲ್ಲ, ವಾಲಿಸಿದರೆ ಚೆಲ್ಲುತ್ತದೆ. ಕುಲುಕಿದಷ್ಟೂ ಆರುತ್ತದೆ. ದ್ರವ ತಳ ಕಂಡಿತೆಂದರೆ ನಳಿಗೆಯೊಳಗಿನ ಜೀವ ಹೋಯಿತೆಂದೇ ಲೆಕ್ಕ. ಜ್ವರ ಬಂದ ಕೂಸನ್ನು ಆಸ್ಪತ್ರೆಗೆ ಒಯ್ಯುವವರ ಎಚ್ಚರ ಈ ಮನುಷ್ಯನಿಗೆ ದಿನವೂ ಬೇಕು.

ಜಡೇಸ್ವಾಮಿಗೆ ಈಗ ನಲವತ್ತಾರು. ಹುಟ್ಟೂರು ಯಳಂದೂರು ತಾಲ್ಲೂಕಿನ ಮಾಂಬಳ್ಳಿ. 1984ರಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕುಂತೂರು, ಮಾಂಬಳ್ಳಿ ಕಡೆ ಸೈಕಲ್ಲಿನಲ್ಲೇ ತಿರುಗುತ್ತಿದ್ದರು. ಅಲ್ಲಿ ನೆಲ ಸಮ, ಹಳ್ಳಿಗಳು ಒತ್ತೊತ್ತಿಗೆ. "ಅಲ್ಲಿ ಕಬ್ಬಿನ ಟ್ರಾಕ್ಟರ್‌ಗೆ ದಾರಿ ಬುಟ್ರೆ ಸಾಕು, ಇನ್ನೇನ್ ಕಷ್ಟ ಇರ್ನಿಲ್ಲ," ಎಂದು ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳಿ ನಗುತ್ತಾರೆ. ನಾಲ್ಕು ವರ್ಷದ ಮೇಲೆ ರಾಮಾಪುರಕ್ಕೆ ಹಾಕಿದರು. ಅಲ್ಲಿಂದ ಹದಿನೈದು ವರ್ಷ ಇದೇ ದಾರಿ. ದೊಡ್ಡಿ ಎನ್ನುವ ಹದಿನಾಲ್ಕು ಸಣ್ಣ ಊರುಗಳು, ದಿನಕ್ಕೆ ಐವತ್ತೆಂಟು ಕಿಲೋಮೀಟರ್. ಅದರಲ್ಲಿ ಇಪ್ಪತ್ತೇಳಕ್ಕೆ ಟಾರು ಇದೆ, ಮೂವತ್ತೊಂದಕ್ಕೆ ಇಲ್ಲ. ಹತ್ತು ದಿನಕ್ಕೊಮ್ಮೆ ಕ್ಯಾನು ತುಂಬಿಸಲು ಹನೂರು ದಾಟಿ ಕೊಳ್ಳೇಗಾಲಕ್ಕೆ ಹೋಗಿಬರಬೇಕು, ಅದು ಬೇರೆ.

ನಡುವೆ ಕೆಲವು ವರ್ಷ ಕಾಡಂಚಿನ ದಾರಿಯಲ್ಲೆಲ್ಲ ಪೊಲೀಸ್ ತಪಾಸಣೆ ಜೋರಾಗಿತ್ತು. ಒಂದು ದಿನ ಹೊಸದಾಗಿ ಬಂದಿದ್ದ ಪೇದೆಯೊಬ್ಬ ಬೇಡವೆಂದರೂ ಕೇಳದೆ ಮುಚ್ಚಳ ಎತ್ತಿ ನೋಡಿ, ಹೊಗೆ ಕಂಡು ಹತ್ತು ಮಾರು ದೂರ ಓಡಿದನಂತೆ. "ಆಮೇಕೆ ಅವನೇ ಬಂದು ಕೇಳ್ದ, ಇದ್ರಾಗೆ ಏನದೆ ಅಂತ. ಹೋರಿ ಅದೆ ಸಾ ಅಂದೆ. ಹೋರಿಯ ಇದ್ರೊಳಕ್ಕೆ ಎಂಗ್ಲಾ ತುಂಬ್ದೆ ಅಂದ."

ಇಷ್ಟು ವರ್ಷದಲ್ಲಿ ಅವರು ಮೂರು ಗಾಡಿ ಸವೆಸಿದ್ದಾರೆ. ಮೊದಲಿನ ಹಳೇ ರಾಜ್‌ದೂತ್ ಒಂದೇ ಎಂಟು ವರ್ಷ ದುಡಿಯಿತು. ಕೊನೆಯದು ಈ ಬೇಸಿಗೆಯಲ್ಲಿ ನಿಂತೇ ಹೋಯಿತು. ಗಾಡಿ ಯಾವುದಾದರೂ ಸರಿ, ಕಲ್ಲುದಾರಿ ಬಂದ ಕೂಡಲೇ ಕ್ಯಾನನ್ನು ಕ್ಯಾರಿಯರ್‌ನಿಂದ ಬಿಚ್ಚಿ ಬೆನ್ನಿಗೆ ಕಟ್ಟಿಕೊಳ್ಳುವುದು ಅವರ ರೂಢಿಯಾಗಿತ್ತು. ಬೆನ್ನು ಎಲ್ಲ ಏಟನ್ನೂ ತಾನು ತಿಂದು ಕ್ಯಾನಿಗೆ ತಟ್ಟದಂತೆ ನೋಡಿಕೊಳ್ಳುತ್ತಿತ್ತು. ಹಾಗೆ ತಿಂದ ಏಟಿಗೆ ಹೋದ ವರ್ಷ ಸೊಂಟ ಹಿಡಿದುಕೊಂಡಿತು. ಇನ್ನು ಬೆನ್ನ ಮೇಲೆ ಏನೂ ಹೊರುವಂತಿಲ್ಲ ಎಂದು ಕೊಳ್ಳೇಗಾಲದ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ.

ಅಂದಿನಿಂದ ಕ್ಯಾನು ಕ್ಯಾರಿಯರ್ ಮೇಲೇ ಹೋಗುತ್ತಿದೆ. ಕೂಗುಕಲ್ಲುದೊಡ್ಡಿಯ ಪುಟ್ಟಮಲ್ಲಮ್ಮನ ಹಸುವಿಗೆ ಎರಡು ಸಲ ಸೂಜಿ ಹಾಕಿದರೂ ಗರ್ಭ ನಿಲ್ಲಲಿಲ್ಲ. ಎರಡು ಸಲವೂ ದೊಡ್ಡಿ ಮುಟ್ಟುವಷ್ಟರಲ್ಲಿ ಕ್ಯಾನು ತಳ ಕಂಡಿತ್ತು. "ಗೊತ್ತಿದ್ದೂ ಹಾಕ್ದೆ ಕಣಕ್ಕ," ಎಂದು ಜಡೇಸ್ವಾಮಿ ನನ್ನೆದುರು ದನಿ ತಗ್ಗಿಸುತ್ತಾರೆ. "ಆ ವಮ್ಮ ಬೆಳಗ್ಗಿಂದ ಅಸ ಹಿಡ್ಕಂಡು ನಿಂತಿದ್ಲು. ಬರಿಗೈಲಿ ತಿರುಗ್ಸಕ್ಕೆ ಬಾಯೇ ಬರ್ನಿಲ್ಲ. ಇವತ್ತಿಗೂ ಆಕೆಗೆ ಏಳಿಲ್ಲ." ಮೂರನೇ ಸಲವೂ ನಿಲ್ಲದಿದ್ದರೆ ಹಸುವನ್ನು ಮಾರಿಬಿಡುವುದಾಗಿ ಪುಟ್ಟಮಲ್ಲಮ್ಮ ಹೇಳಿದ್ದಾಳೆ. ಕ್ಯಾನು ಕೆಡದಂತೆ ಒಯ್ಯುವ ಗಾಡಿ ಸಿಗದಿದ್ದರೆ ಕಲ್ಲುದಾರಿಯ ದೊಡ್ಡಿಗಳನ್ನು ಬಿಟ್ಟು ರಸ್ತೆಬದಿಯ ಊರುಗಳನ್ನಷ್ಟೇ ನೋಡಿಕೊಳ್ಳಿ ಎಂದು ಸಂಘದವರೂ ಸೂಚಿಸಿದ್ದಾರೆ.

ಅದಕ್ಕೇ ಈ ಕೆಂಪು ಗಾಡಿ. ಕೊಳ್ಳುವ ಮುಂಚೆ ಓಡಿಸಿ ನೋಡಲೆಂದು ಮಾರಾಟಕ್ಕಿರುವ ಎರಡು ಗಾಡಿಗಳನ್ನು ಒಂದೊಂದು ದಿನದ ಮಟ್ಟಿಗೆ ಕೇಳಿ ತಂದಿದ್ದಾರೆ. ನಿನ್ನೆ ಓಡಿಸಿದ್ದು ಹನೂರಿನ ಮೇಷ್ಟರೊಬ್ಬರ ಎತ್ತರದ ಕಪ್ಪು ಗಾಡಿ. ಇವತ್ತಿನದು ಕುಂತೂರಿನ ಸಕ್ಕರೆ ಕಾರ್ಖಾನೆಯ ನೌಕರರೊಬ್ಬರ ಕೆಂಪು ಗಾಡಿ, ಸ್ವಲ್ಪ ಗಿಡ್ಡ. ಕಂಪನಿಗಳ ಹೆಸರು ಬರೆಯಬಾರದೆಂದು ಜಡೇಸ್ವಾಮಿಯ ಕಟ್ಟಪ್ಪಣೆ. "ಇವತ್ತು ಒಂದ್ ಗಾಡಿಯ ಬಯ್ದ್ರೆ, ನಾಳೆ ಆ ಗಾಡಿಯೋನೇ ಅಸ ಹಿಡ್ಕಂಡು ನನ್ ಮುಂದೆ ನಿಂತಿರ್ತಾನೆ."

ಅವರ ಪರೀಕ್ಷೆಯೂ ಬೇರೆಯೇ ಥರದ್ದು. "ಗಾಡಿ ನೋಡಕ್ಕೆ ಓದೋರೆಲ್ಲ ಎರಡೇ ಕೇಳದು. ಲೀಟ್ರಿಗೆ ಎಷ್ಟು ಕೊಡ್ತದೆ, ಎಷ್ಟು ಜೋರಾಗಿ ಓಡ್ತದೆ. ನಂಗೆ ಮೂರ್ನೇದೊಂದದೆ, ಎಷ್ಟು ಕುಲುಕ್ತದೆ." ಕೆಟ್ಟುಹೋದ ಹಳೆಯ ಕ್ಯಾನೊಂದಕ್ಕೆ ಕತ್ತಿನವರೆಗೆ ನೀರು ತುಂಬಿ ಕ್ಯಾರಿಯರ್‌ಗೆ ಕಟ್ಟುತ್ತಾರೆ. ಹುಣಸೆಮರದಿಂದ ಕೂಗುಕಲ್ಲುದೊಡ್ಡಿಯ ಈಚೆಗಿನ ಹಳ್ಳದವರೆಗೆ ಹೋಗಿ ತಿರುಗಿ ಬಂದು, ಒಳಕ್ಕೆ ಮರದ ಅಳತೆಪಟ್ಟಿ ಇಳಿಬಿಟ್ಟು ಎಷ್ಟು ಬೆರಳು ನೀರು ಚೆಲ್ಲಿತು ಎಂದು ನೋಡುತ್ತಾರೆ. ನಿನ್ನೆ ಕಪ್ಪು ಗಾಡಿಯಲ್ಲಿ ನಾಲ್ಕು ಬೆರಳು ಚೆಲ್ಲಿತ್ತು.

ಏಳೂವರೆಗೆ ಕೆಂಪು ಗಾಡಿ ರಾಮಾಪುರಕ್ಕೆ ವಾಪಸಾಗುತ್ತದೆ. ಬಸ್ ನಿಲ್ದಾಣದ ಪಕ್ಕದಲ್ಲಿ ಮೆಕ್ಯಾನಿಕ್ ನಂಜಯ್ಯನವರ ಶೆಡ್ಡು. ಇಬ್ಬರೂ ಓರಗೆಯವರು, ಮಾತಿಗೊಮ್ಮೆ ಕೆಣಕಿಕೊಳ್ಳುವವರು. ಅಳತೆಪಟ್ಟಿ ಇಳಿಬಿಟ್ಟು ನೋಡಿದರೆ ಎರಡೇ ಬೆರಳು ಕಡಿಮೆ. ಆದರೆ ಜಡೇಸ್ವಾಮಿ ಗಾಡಿಯಿಂದ ಇಳಿದವರು ಸೊಂಟಕ್ಕೆ ಕೈಕೊಟ್ಟು ಕಲ್ಲಿನ ಮೇಲೆ ಕೂತುಬಿಡುತ್ತಾರೆ. ಹಳ್ಳದ ಕಲ್ಲಿಗೆ ಗಾಡಿಯ ಹೊಟ್ಟೆ ಮೂರು ಕಡೆ ಬಡಿದಿದೆ.

"ಕಪ್ಪು ಗಾಡೀಲಿ ಉಯ್ಯಾಲೆ ಮೇಲೆ ಕುಂತಂಗಿತ್ತು ಕಣ್ಲಾ. ಇದು ಸೊಂಟಾನೇ ಮುರೀತು. ನೀರು ನೋಡುದ್ರೆ ಅದ್ರಲ್ಲೇ ಜಾಸ್ತಿ ಚೆಲ್ಯದೆ."

"ಗಾಡಿ ನಿನ್ ಸೊಂಟಕ್ಕೋ ಕ್ಯಾನಿಗೋ, ಮೊದ್ಲು ಅದ ಏಳು," ಎನ್ನುತ್ತಾರೆ ನಂಜಯ್ಯ.

"ಸೊಂಟ ಇಲ್ದೆ ಕ್ಯಾನೆಂಗ್ಲಾ ಓದದು?"

ಅಷ್ಟರಲ್ಲಿ ದೊಡ್ಡಿಗಳ ಕಡೆಯಿಂದ ಹಾಲು ತರುವ ವ್ಯಾನು ಬಂದು ನಿಲ್ಲುತ್ತದೆ. ಡ್ರೈವರ್ ಇಳಿಯದೆಯೇ ಕೂಗಿ ಹೇಳುತ್ತಾನೆ, "ಡಾಕ್ಟ್ರೇ, ಪುಟ್ಟಮಲ್ಲಮ್ಮನ ಅಸ ನೆನ್ನೆ ಸಂದೇಲಿಂದ ಕೂಗ್ತದಂತೆ. ಬೇಗ ವಾಂಗ ಅಂದ್ಲು." ವಾಂಗ ಎಂದರೆ ಬನ್ನಿ; ತಮಿಳುನಾಡಿನ ಗಡಿ ಹತ್ತಿರದ ಆ ದೊಡ್ಡಿಗಳಲ್ಲಿ ಮಾತು ಹೀಗೆ ಎರಡು ಭಾಷೆಯಲ್ಲಿ ಬೆರೆತಿರುತ್ತದೆ. ಸಂಜೆ ಬೆದೆಗೆ ಬಂದ ಹಸುವಿಗೆ ಮಾರನೇ ಬೆಳಿಗ್ಗೆಯೇ ಸೂಜಿ ಬೀಳಬೇಕು. ತಪ್ಪಿದರೆ ಮತ್ತೆ ಇಪ್ಪತ್ತೊಂದು ದಿನ ಕಾಯಬೇಕು. ಪುಟ್ಟಮಲ್ಲಮ್ಮ ಇನ್ನು ಕಾಯುವವಳಲ್ಲ.

ಎರಡೂ ಗಾಡಿಗಳು ಶೆಡ್ಡಿನ ಮುಂದೆ ನಿಂತಿವೆ. ನಂಜಯ್ಯ ಇನ್ನೂ ಮೇಷ್ಟರಿಗೆ ಮುಟ್ಟಿಸದ ಕಪ್ಪು ಗಾಡಿಯ ಹಿಂದೆ ಹೋಗಿ, ಕ್ಯಾರಿಯರ್ ಹಿಡಿದು ಒತ್ತಿ ಬಿಡುತ್ತಾರೆ. ಬಾಲ ಪುಟಿದು ಮೇಲೇಳುತ್ತದೆ. ಸೀಟಿನ ನಡುವೆ ಒತ್ತಿ ಬಿಡುತ್ತಾರೆ. ಅಲ್ಲಿ ಮೆಲ್ಲಗೆ ತಗ್ಗಿ ಮೆಲ್ಲಗೆ ಏಳುತ್ತದೆ. ಇನ್ನೊಮ್ಮೆ ಹಾಗೇ ಮಾಡುತ್ತಾರೆ. ಆಮೇಲೆ ಗೆಳೆಯನ ಕಡೆ ತಿರುಗುತ್ತಾರೆ.

"ಲೇ, ಒಂದ್ ವರ್ಷದಿಂದ ತಪ್ಪು ಮಾಡ್ತಾ ಇದ್ದೀವಿ ಕಣ್ಲಾ. ನೀನು ಕುಂತಿರದು ನಡೂಗೆ. ಗಾಡಿ ಮೆತ್ತಗದೋ ಒರಟೋ ಅಂತ ನೀನ್ ಏಳದು ನಡೂನ ನೋಡಿ. ಕ್ಯಾನ್ ಕಟ್ಟಿರದು ಬಾಲಕ್ಕೆ. ಎತ್ತರದ ಗಾಡಿ ಅಲ್ವಾ, ನಡ ತೂಗ್ತದೆ, ಬಾಲ ಎಗರ್ತದೆ."

ಜಡೇಸ್ವಾಮಿಗೆ ಥಟ್ಟನೆ ಅರ್ಥವಾಗುತ್ತದೆ. ಬೆನ್ನಿಗೆ ಕಟ್ಟಿದಾಗ ಕ್ಯಾನು ಬದುಕುತ್ತಿದ್ದುದು ಬೆನ್ನಿನ ಮಹಿಮೆಯಿಂದ ಮಾತ್ರವಲ್ಲ. ಬೆನ್ನು ಇದ್ದದ್ದು ಗಾಡಿಯ ನಡುವಿನಲ್ಲಿ. "ಅಂಗಾದ್ರೆ ಹಿಂದ್ಲೋರ ಸೀಟು ಬಿಚ್ಚು," ಎನ್ನುತ್ತಾರೆ.

ಜಡೇಸ್ವಾಮಿಯ ಮನೆ ಶೆಡ್ಡಿನ ಎದುರಿಗೇ ಇದೆ. ಟಿಫನ್ ಬಾಕ್ಸ್ ಹಿಡಿದು ಬಂದ ಹೆಂಡತಿ ಚನ್ನಮಲ್ಲಮ್ಮ, ಕಪ್ಪು ಗಾಡಿಯ ಅರ್ಧ ಸೀಟು ನೆಲದ ಮೇಲೆ ಬಿದ್ದಿರುವುದನ್ನು ನೋಡಿ ಅಲ್ಲೇ ನಿಲ್ಲುತ್ತಾರೆ. ಆ ಜಾಗದಲ್ಲಿ ನಂಜಯ್ಯ ಕಬ್ಬಿಣದ ಪಟ್ಟಿಯ ಚೌಕಟ್ಟು ಕೂರಿಸಿ, ಸುತ್ತ ಹಳೇ ಟ್ಯೂಬು ಬಿಗಿದು, ಒಳಗೆ ತೆಂಗಿನನಾರು ತುಂಬಿ ತೊಟ್ಟಿಲಿನಂತೆ ಮಾಡುತ್ತಿದ್ದಾರೆ.

"ಮುಗೀತು ಬುಡಿ," ಎನ್ನುತ್ತಾರೆ ಚನ್ನಮಲ್ಲಮ್ಮ. "ನನ್ ಕೂರ್ಸ್ಕಂಡು ಓದಾಗ ಒಂದ್ ಗುಂಡಿನೂ ಬುಡ್ದೆ ಎತ್ತಾಕ್ತಿದ್ರು. ಆ ಕ್ಯಾನಿದ್ರೆ ಮಾತ್ರ ಮದ್ವೆ ಎಣ್ಣ ಕರ್ಕಂಡು ಓದಂಗೆ ಓಯ್ತಿದ್ರು. ಈಗ ನನ್ ಸೀಟೂ ಅದ್ಕೇ ಆಯ್ತು."

"ನಿಂಗೆ ಬಸ್ಸದೆ, ಅದ್ಕೆ ಯಾವ್ ಬಸ್ಸದೆ?" ಎಂದು ಕೇಳುತ್ತಾರೆ ಗಂಡ.

"ನಂಗಾದ್ರೂ ಬಸ್ಸದಲ್ಲ, ಅಷ್ಟೇ ಪುಣ್ಯ," ಎಂದು ಆಕೆ ಬಾಕ್ಸನ್ನು ಹ್ಯಾಂಡಲ್ಲಿಗೆ ಸಿಕ್ಕಿಸುತ್ತಾರೆ. ಸೀಟಿನ ತುಂಡನ್ನು ಕಂಕುಳಲ್ಲಿ ಇರುಕಿಕೊಂಡು ಹೋಗಿ ಮನೆಯ ಜಗಲಿಯ ಮೇಲಿಟ್ಟು, ಅದರ ಮೇಲೆ ತಾವೇ ಕೂರುತ್ತಾರೆ.

ಇನ್ನೊಮ್ಮೆ ನೀರು ತುಂಬಿ ಪರೀಕ್ಷೆ ಮಾಡಲು ಹೊತ್ತಿಲ್ಲ. ಜಡೇಸ್ವಾಮಿ ಜೀವವಿರುವ ಕ್ಯಾನನ್ನೇ ತಂದು ತೊಟ್ಟಿಲಿಗೆ ಇಳಿಸುತ್ತಾರೆ. ಹೊರಡುವ ಮುಂಚೆ ಒಳಗೆ ಅಳತೆಪಟ್ಟಿ ಬಿಟ್ಟು ತೆಗೆದು ಗಾಳಿಯಲ್ಲಿ ಬೀಸುತ್ತಾರೆ. ದ್ರವ ಮುಟ್ಟಿದಷ್ಟು ಎತ್ತರಕ್ಕೆ ಪಟ್ಟಿಯ ಮೇಲೆ ಬಿಳಿ ಹಿಮ ಕಟ್ಟುತ್ತದೆ. ಎಂಟು ಬೆರಳು. ನಂಜಯ್ಯ ತಮ್ಮ ಮೊಪೆಡ್ ತೆಗೆದು ಹಿಂದೆಯೇ ಹೊರಡುತ್ತಾರೆ. ಹುಣಸೆಮರದ ಹತ್ತಿರ ನಿಂತು ಗಾಳಿ ಬಿಟ್ಟು, ಕಪ್ಪು ಗಾಡಿ ಕಲ್ಲುದಾರಿಗಿಳಿಯುತ್ತದೆ. ಕೊರಕಲುಗಳಲ್ಲಿ ಜಡೇಸ್ವಾಮಿ ಫುಟ್‌ರೆಸ್ಟ್ ಮೇಲೆ ಅರ್ಧ ಎದ್ದು ನಿಂತು, ಮೊಣಕಾಲು ಸಡಿಲ ಬಿಟ್ಟು ಸಾಗುತ್ತಾರೆ. ಹಳ್ಳದ ಮರಳಿನಲ್ಲಿ ಹಿಂದಿನ ಚಕ್ರ ಒಮ್ಮೆ ಜಾರುತ್ತದೆ, ಗಾಡಿ ಬೀಳುವುದಿಲ್ಲ.

ದೊಡ್ಡಿಯಲ್ಲಿ ಪುಟ್ಟಮಲ್ಲಮ್ಮ ಹಸುವನ್ನು ಬೇವಿನ ಮರಕ್ಕೆ ಕಟ್ಟಿಕೊಂಡು ನಿಂತಿದ್ದಾಳೆ. ಅರವತ್ತು ದಾಟಿದ ಹೆಂಗಸು, ಮಾತು ಕಡಿಮೆ. "ಮೂರ್ನೇ ಸಲ," ಎನ್ನುತ್ತಾಳೆ ಅಷ್ಟೇ. ಜಡೇಸ್ವಾಮಿ ಮೊದಲು ಅವಳ ಕಡೆ ನೋಡುವುದಿಲ್ಲ. ಮುಚ್ಚಳ ಎತ್ತಿ ಪಟ್ಟಿ ಇಳಿಸಿ, ತೆಗೆದು ಬೀಸುತ್ತಾರೆ. ಹಿಮದ ಗೆರೆ ಏಳೂವರೆ ಬೆರಳಿನ ಹತ್ತಿರ ನಿಲ್ಲುತ್ತದೆ. ಅದನ್ನು ನಂಜಯ್ಯನವರತ್ತ ಎತ್ತಿ ತೋರಿಸುತ್ತಾರೆ.

ಆಮೇಲಿನದು ಕೈ ಬಲ್ಲ ಕೆಲಸ. ನಳಿಗೆಯನ್ನು ಉಗುರುಬೆಚ್ಚನೆ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಒರೆಸಿ, ಉದ್ದನೆಯ ಸೂಜಿಗೆ ಕೂರಿಸಿ, ಹಸುವಿನ ಬೆನ್ನು ಸವರಿ ಸಮಾಧಾನ ಹೇಳುತ್ತ ಮುಗಿಸುತ್ತಾರೆ. ಹತ್ತು ಗಂಟೆಗೆಲ್ಲ ಮುಂದಿನ ದೊಡ್ಡಿಯ ದಾರಿ ಹಿಡಿದಿರುತ್ತಾರೆ. ಅದೇ ವಾರ ಕಪ್ಪು ಗಾಡಿ ಅವರದಾಗುತ್ತದೆ.

ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವರು ಮತ್ತೆ ಅದೇ ಬೇವಿನ ಮರದ ಕೆಳಗೆ ನಿಂತಿದ್ದಾರೆ. ಭುಜದವರೆಗೆ ಪ್ಲಾಸ್ಟಿಕ್ ಗವಸು ಹಾಕಿ ಹಸುವಿನ ಒಳಗೆ ಕೈಯಿಟ್ಟು, ಕಣ್ಣು ಮುಚ್ಚಿ ತಡಕುತ್ತಾರೆ. ಪುಟ್ಟಮಲ್ಲಮ್ಮ ಹಸುವಿನ ಮೂಗುದಾರ ಹಿಡಿದು ಅವರ ಮುಖವನ್ನೇ ನೋಡುತ್ತಾಳೆ. ಅವರು ಕೈ ಹೊರತೆಗೆದು, ಗವಸು ಕಳಚಿ, ಸೋಪು ಹಾಕಿ ಕೈ ತೊಳೆದುಕೊಳ್ಳುತ್ತಾರೆ.

"ನಿಂತದೆ ಕಣವ್ವ. ಗಬ್ಬ ಕಟ್ಯದೆ."

ಪುಟ್ಟಮಲ್ಲಮ್ಮ ಸೆರಗಿನಿಂದ ಹಸುವಿನ ಮುಖ ಒರೆಸುತ್ತಾಳೆ. "ಇದ್ಕೇ ಏನೋ ಐಬು ಅಂದ್ಕಂಡಿದ್ದೆ. ಬಯ್ದೂ ಬಯ್ದೆ, ಪಾಪ."

"ಅದ್ಕೆ ಐಬಿರ್ನಿಲ್ಲ," ಎನ್ನುತ್ತಾರೆ ಜಡೇಸ್ವಾಮಿ. "ಎರಡ್ ಸಲ ತಪ್ಪಿದ್ದು ನನ್ ಕ್ಯಾನು. ದಾರೀಲಿ ಆರೋಗಿತ್ತು. ಗೊತ್ತಿದ್ದೂ ಏಳ್ನಿಲ್ಲ ನಾನು."

"ಅವತ್ತೇ ಏಳಿದ್ರೆ ಇದನ್ನ ಬಯ್ತಿರ್ನಿಲ್ಲ," ಎನ್ನುತ್ತಾಳೆ. ಒಳಗೆ ಹೋಗಿ ಮಜ್ಜಿಗೆ ತಂದುಕೊಡುತ್ತಾಳೆ. ಜಡೇಸ್ವಾಮಿ ನಿಂತೇ ಕುಡಿದು ಲೋಟವನ್ನು ತಾವೇ ತೊಳೆದು ಬೋರಲು ಹಾಕುತ್ತಾರೆ.

ಆ ಹಾದಿಯ ಹದಿನಾಲ್ಕು ದೊಡ್ಡಿಗಳೂ ಅವರ ಬಳಿಯೇ ಉಳಿದಿವೆ. ಸಂಘದವರು ಮತ್ತೆ ಆ ಮಾತು ಎತ್ತಿಲ್ಲ. ಇನ್ನೇನಾದರೂ ಬೇಕೇ ಎಂದು ನಾನು ಕೇಳಿದರೆ ಅವರು ಕಿಕ್ಕರ್ ಮೇಲೆ ಕಾಲಿಡುತ್ತಾರೆ.

"ಏನೂ ಬ್ಯಾಡ ಕಣಕ್ಕ. ಇಷ್ಟು ದಿನ ಅಸ ನಿಲ್ನಿಲ್ಲ ಅಂದ್ರೆ ದಾರಿ ಸರಿ ಇಲ್ಲ ಅಂತಿದ್ದೆ. ಇನ್ ಮ್ಯಾಲೆ ಅಂಗನ್ನಕ್ಕೆ ಆಗಕಿಲ್ಲ. ನಿಲ್ನಿಲ್ಲ ಅಂದ್ರೆ ನನ್ನೇ ಕೇಳ್ಲಿ."