ಒಂದು ಸಲ ಕರೆದರೆ ಗಿಣಿ

ಗಿಣಿ ಸಾಕಬೇಕೆಂದು ನಮ್ಮ ಮನೆಯಲ್ಲಿ ಯಾರೂ ಆಸೆಪಟ್ಟಿರಲಿಲ್ಲ. ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಒಂದು ಅಂಗಳ, ಅದರ ಸುತ್ತ ನಾಲ್ಕು ಮನೆ, ಅಂಗಳದ ಉದ್ದಕ್ಕೂ ಬಟ್ಟೆ ಒಣಹಾಕುವ ತಂತಿ. ಅವರೆಕಾಯಿ ಮಾರುಕಟ್ಟೆಗೆ ಬರತೊಡಗಿದ್ದ ಕಾಲ. ಒಂದು ಬೆಳಿಗ್ಗೆ ಹೊರಗೆ ಬಂದು ನೋಡಿದರೆ ನನ್ನ ಹೊಸ ಕಾಟನ್ ಸೀರೆಯ ಮೇಲೆ ಅದು ಕೂತಿತ್ತು. ಮರದಲ್ಲಿ ಕಾಣುವ ಗಿಣಿಗಳಿಗಿಂತ ಬಹಳ ದೊಡ್ಡದು, ಕೊಕ್ಕಿನಿಂದ ಬಾಲದ ತುದಿಯವರೆಗೆ ಒಂದು ಮೊಳಕ್ಕಿಂತ ಉದ್ದ. ದಪ್ಪ ಕೆಂಪು ಕೊಕ್ಕು, ಕತ್ತಿಗೆ ಕಪ್ಪು ಮತ್ತು ಗುಲಾಬಿ ಪಟ್ಟಿ, ಎರಡೂ ಭುಜದ ಮೇಲೆ ಕುಂಕುಮದ ಕೈ ಒರೆಸಿದ ಹಾಗೆ ಕೆಂಪು. ನಾನು ಹುಶ್ ಎಂದೆ. ಅದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಿಧಾನವಾಗಿ ತಿರುಗಿ, ಸೀರೆಯ ಮೇಲೆ ಹಿಕ್ಕೆ ಹಾಕಿತು. ನಮ್ಮಿಬ್ಬರ ಪರಿಚಯವಾದದ್ದು ಹೀಗೆ.

ನನ್ನ ಕೂಗು ಕೇಳಿ ಯಜಮಾನರು ಹೊರಗೆ ಬಂದರು. ಅವರು ಸುಮ್ಮನೆ ಕೈ ಚಾಚಿದ್ದಷ್ಟೆ, ಗಿಣಿ ಸರಸರನೆ ತೋಳು ಹತ್ತಿ ಹೆಗಲ ಮೇಲೆ ಕೂತು ಅವರ ಕಿವಿಯ ಹತ್ತಿರದ ಕೂದಲನ್ನು ಬಾಚತೊಡಗಿತು. ಆಗ ಕಂಡದ್ದು, ಅದರ ಒಂದು ರೆಕ್ಕೆಯ ಗರಿಗಳನ್ನು ಯಾರೋ ಕತ್ತರಿಯಿಂದ ಸಮನಾಗಿ ಕತ್ತರಿಸಿದ್ದರು. ಎಲ್ಲೋ ಸಾಕಿದ್ದ ಹಕ್ಕಿ, ಹೇಗೋ ಜಿಗಿದು ಬಂದಿದೆ.

ಕಾಲೇಜಿಗೆ ಹೋಗುವ ಮಗಳು ಫೋನಿನಲ್ಲಿ ನೋಡಿ ಇದಕ್ಕೆ ಅಲೆಕ್ಸಾಂಡ್ರೈನ್ ಎನ್ನುತ್ತಾರೆಂದಳು. ಇಂಥ ಗಿಣಿಯನ್ನು ಮನೆಯಲ್ಲಿ ಸಾಕುವುದು ಕಾನೂನಿಗೆ ವಿರುದ್ಧ ಎಂದೂ ಓದಿ ಹೇಳಿದಳು. ಅಂದರೆ ಕಳಕೊಂಡವರು ಯಾರೇ ಆಗಿದ್ದರೂ ನಮ್ಮದೆಂದು ಕೇಳಿಕೊಂಡು ಬರುವಂತಿಲ್ಲ. ಗಾಯಗೊಂಡ ಹಕ್ಕಿಗಳನ್ನು ನೋಡಿಕೊಳ್ಳುವ ಕೇಂದ್ರವೊಂದು ಊರಾಚೆ ಇದೆಯೆಂದು ಹುಡುಕಿ ಅವಳೇ ಫೋನ್ ಮಾಡಿದಳು. ಗರಿ ಮತ್ತೆ ಬಂದು ಹಾರುವುದನ್ನು ಕಲಿಯಲು ಇದಕ್ಕೆ ದೊಡ್ಡ ಪಂಜರ ಬೇಕು, ಅದನ್ನು ಈಗಷ್ಟೇ ಕಟ್ಟುತ್ತಿದ್ದೇವೆ, ಮುಗಿದ ಕೂಡಲೇ ಕರೆಯುತ್ತೇವೆ, ಅಲ್ಲಿಯವರೆಗೆ ಕೂಡಿಹಾಕದೆ ಜೋಪಾನ ಮಾಡಿ ಎಂದರು ಅವರು. ಹೆಸರಿಟ್ಟರೆ ಬಿಟ್ಟುಕೊಡಲು ಕಷ್ಟವಾದೀತೆಂದು ನಾವು ಹೆಸರನ್ನೂ ಇಡಲಿಲ್ಲ. ಗಿಣಿ ಎಂದರೆ ಗಿಣಿ, ಅಷ್ಟೆ.

ಗಿಣಿ ಎಂದರೆ ಗೋಡೆಯ ಮೇಲಿನ ಚಿತ್ರದ ಹಾಗೆ ಚೆಂದವಾಗಿ ಕೂತಿರುತ್ತದೆ ಎಂದುಕೊಂಡವರಿಗೆ ಒಂದು ಮಾತು ಹೇಳಬೇಕು. ಅದು ಮೊದಲು ತಿಂದದ್ದು ನಮ್ಮ ಕಿಟಕಿಯನ್ನು. ತಾತನ ಕಾಲದ ತೇಗದ ಚೌಕಟ್ಟು, ಗೆದ್ದಲಿಗೂ ಬಗ್ಗದ್ದು, ವಾರ ಕಳೆಯುವುದರೊಳಗೆ ಇಲಿ ತಿಂದ ಕೊಬ್ಬರಿಯಂತಾಯಿತು. ಕೊಕ್ಕಿಗೆ ಕೆಲಸ ಬೇಕು, ನುಗ್ಗೆಯ ಕೊಂಬೆ ಕೊಡಿ ಎಂದರು ಕೇಂದ್ರದವರು. ಕೊಟ್ಟೆವು. ಕೊಂಬೆಯನ್ನು ಊಟವೆಂದು ಮುಗಿಸಿ ಕಿಟಕಿಯನ್ನು ಎಲೆ ಅಡಿಕೆಯೆಂದು ಮೆಲ್ಲಲು ಹೋಯಿತು. ಟಿವಿ ರಿಮೋಟಿನ ಗುಂಡಿಗಳೆಲ್ಲ ಹೋದವು. ಸೀಬೆಹಣ್ಣನ್ನು ಎಡಗಾಲಿನಲ್ಲಿ ಹಿಡಿದು ದೊಡ್ಡ ಮನುಷ್ಯರ ಹಾಗೆ ಎರಡು ಕಡಿತ ಕಡಿದು ಉಳಿದದ್ದನ್ನು ನೆಲಕ್ಕೆ ಬಿಸಾಡುತ್ತದೆ. ಹಸಿಮೆಣಸಿನಕಾಯಿಯ ಬೀಜ ತಿಂದು ಕಣ್ಣು ಕೂಡ ಮಿಟುಕಿಸುವುದಿಲ್ಲ. ನಲ್ಲಿಯ ಸದ್ದು ಕೇಳಿದರೆ ಸಾಕು, ಪಾತ್ರೆ ತೊಳೆಯುವ ಸಿಂಕಿನಲ್ಲಿ ಇಳಿದು ರೆಕ್ಕೆ ಬಿಚ್ಚಿ ಸ್ನಾನ ಮಾಡಿಸಿ ಎಂದು ನಿಲ್ಲುತ್ತದೆ. ಸೂರ್ಯ ಹುಟ್ಟುವಾಗ ಒಮ್ಮೆ, ಮುಳುಗುವಾಗ ಒಮ್ಮೆ, ಇಡೀ ವಠಾರಕ್ಕೆ ಕೇಳುವ ಹಾಗೆ ಕಿರುಚುತ್ತದೆ. ಚೆನ್ನಾಗಿ ನೋಡಿಕೊಂಡರೆ ಮೂವತ್ತು ವರ್ಷ ಬದುಕುತ್ತದಂತೆ. ಇದನ್ನು ಕೇಳಿ ನಾನು ಕುರ್ಚಿ ಹಿಡಿದು ಕೂತೆ.

ಇಷ್ಟಾದರೂ ಆ ಗಿಣಿಯನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಖುಷಿಯಾದಾಗ ಅದರ ಕಣ್ಣಪಾಪೆ ಕಿರಿದಾಗುವುದು, ಹಿರಿದಾಗುವುದು. ಮಧ್ಯಾಹ್ನ ಒಂದು ಕಾಲು ಎತ್ತಿಕೊಂಡು, ಕೊಕ್ಕನ್ನು ತನ್ನಷ್ಟಕ್ಕೆ ಮಸೆಯುತ್ತಾ ತೂಕಡಿಸುವುದು. ನಾನು ಶಾಲೆಯಲ್ಲಿ ಪಾಠ ಮುಗಿಸಿ ಬಂದವಳು ಸೀರೆ ಬದಲಿಸುವ ಮೊದಲೇ ಅದು ಎಲ್ಲಿದೆಯೆಂದು ನೋಡುತ್ತಿದ್ದೆ. ಅದಕ್ಕೆ ಮಾತ್ರ ನಾನೆಂದರೆ ಆಗುತ್ತಿರಲಿಲ್ಲ. ಹಣ್ಣು ಹೆಚ್ಚುವವಳು ನಾನು, ಹಿಕ್ಕೆ ಒರೆಸುವವಳು ನಾನು, ಮುದ್ದೆಲ್ಲ ಯಜಮಾನರಿಗೆ. ನನ್ನ ಕೈ ಹತ್ತಿರ ಬಂದರೆ ಕಚ್ಚುತ್ತಿತ್ತು. ಬೆರಳಿಗೆ ಪಟ್ಟಿ ಸುತ್ತಿಕೊಂಡು ತರಗತಿಗೆ ಹೋದರೆ, ಹೈಸ್ಕೂಲಿನ ಮಕ್ಕಳು ಲೆಕ್ಕ ಬಿಟ್ಟು ಗಿಣಿಯ ಕ್ಷೇಮಸಮಾಚಾರ ಕೇಳುತ್ತಿದ್ದರು. ಯಾವ ಪುಂಡ ಹುಡುಗನನ್ನೂ ದಾರಿಗೆ ತಂದವಳು ನಾನು. ಹಾಗಾಗಿ ಒಂದು ಸಂಜೆ ಮಗಳಿಗೆ ಹೇಳಿಬಿಟ್ಟೆ.

"ಅದು ಹೋಗೋದ್ರೊಳಗೆ ಒಂದ್ ಸಲನಾದ್ರೂ ನನ್ ಕೈಯಿಂದ ತಿನ್ಬೇಕು ಕಣೇ. ಇಲ್ಲಾಂದ್ರೆ ನಾನು ಇಷ್ಟ್ ವರ್ಷ ಪಾಠ ಮಾಡಿದ್ದೇ ದಂಡ."

ಅಂದಿನಿಂದ ನಾನು ಗಿಣಿಯ ಜೊತೆ ಜೇನುತುಪ್ಪದಲ್ಲಿ ಅದ್ದಿದ ದನಿಯಲ್ಲಿ ಮಾತಾಡತೊಡಗಿದೆ. ಬಂಗಾರ ಎಂದೆ, ರಾಜ ಎಂದೆ, ಚಿನ್ನಾರಿ ಎಂದೆ. ನಲವತ್ತು ಮಕ್ಕಳ ಗಲಾಟೆ ಅಡಗಿಸಿ ಪಳಗಿದ ಗಂಟಲನ್ನು ಹಿಂಡಿ ಹಿಂಡಿ ಸಣ್ಣ ಮಾಡಿಕೊಂಡೆ. ಮಗಳು ಬಾಯಿಗೆ ದುಪಟ್ಟಾ ಒತ್ತಿಕೊಂಡು ಓಡಿಹೋಗುತ್ತಿದ್ದಳು. ಗಿಣಿ ಕತ್ತು ಓರೆ ಮಾಡಿ, ಇವಳಿಗೇನಾಯಿತು ಎಂಬಂತೆ ನೋಡುತ್ತಿತ್ತು.

ಯಜಮಾನರಿಗೆ ಬೇರೆಯೇ ಹಂಬಲ. ನಮ್ಮ ಮನೆಯಲ್ಲಿ ಅವರು ಆಡುವ ಮಾತನ್ನು ಒಂದು ಚಮಚದಲ್ಲಿ ಅಳೆಯಬಹುದು. ಅಂಥವರು ದಿನಾ ಸಂಜೆ ಕಚೇರಿಯಿಂದ ಬಂದು, ಗಿಣಿಯನ್ನು ಎದುರು ಕೂರಿಸಿಕೊಂಡು, ಮೆಲ್ಲಗೆ ನಮಸ್ಕಾರ, ನಮಸ್ಕಾರ ಎಂದು ಪಾಠ ಹೇಳುತ್ತಿದ್ದರು. ಮದುವೆಯಾದ ಮೇಲೆ ನನ್ನ ಹತ್ತಿರ ಅಷ್ಟು ಮಾತಾಡಿದ್ದು ನನಗೆ ನೆನಪಿಲ್ಲ. ಗಿಣಿ ಮರ್ಯಾದೆಯಿಂದ ಕೇಳಿಸಿಕೊಳ್ಳುತ್ತಿತ್ತು. ಒಂದಕ್ಷರ ತಿರುಗಿ ಹೇಳಲಿಲ್ಲ.

ಅದು ಕಲಿತದ್ದು ಬೇರೆ. ನಮ್ಮ ವಠಾರದಲ್ಲಿ ಇವತ್ತಿಗೂ ಯಾವ ಹೆಂಗಸೂ ಗಂಡನನ್ನು ಹೆಸರು ಹಿಡಿದು ಕರೆಯುವುದಿಲ್ಲ. ನಾನು ಪದವಿ ಓದಿದವಳು, ಬಾಯಿ ಜೋರಿನವಳು, ಆದರೂ ಆ ಒಂದು ಹೆಸರು ನಾಲಿಗೆಯ ಮೇಲೆ ಬರುವುದಿಲ್ಲ. ನಾಲ್ಕು ಮನೆಯಲ್ಲೂ ಗಂಡ ಎಂದರೆ 'ರೀ'. ಯಾರ ಮನೆಯ ರೀ ಎಂಬುದು ದನಿಯಿಂದಲೇ ಗೊತ್ತಾಗಬೇಕು. ಒಂದು ಭಾನುವಾರ ಬೆಳಿಗ್ಗೆ ಅಂಗಳದ ಕಡೆಯಿಂದ ಜೋರಾಗಿ "ರೀ" ಎಂದು ಕೇಳಿತು. ಮೊದಲ ಭಾಗ ಅಸಹನೆ, ಕೊನೆಯ ಭಾಗ ಎಚ್ಚರಿಕೆ. ಯಜಮಾನರು ಅರ್ಧ ಕಾಫಿ ಬಿಟ್ಟು ಎದ್ದು ಬಂದರು. ಎದುರು ಮನೆಯವರು ಮುಖಕ್ಕೆ ಶೇವಿಂಗ್ ನೊರೆ ಹಚ್ಚಿಕೊಂಡೇ ಬಂದರು. ಮೂಲೆಮನೆಯ ಹಿರಿಯರು ಊರುಗೋಲು ಕುಟ್ಟುತ್ತಾ ಬಂದರು. ಮೂವರೂ ಅಂಗಳದಲ್ಲಿ ಮುಖ ಮುಖ ನೋಡುತ್ತಾ ನಿಂತರು. ತಂತಿಯ ಮೇಲೆ ಕೂತಿದ್ದ ಗಿಣಿ ಮೂವರನ್ನೂ ಒಬ್ಬೊಬ್ಬರಾಗಿ ನೋಡಿ, ಇನ್ನೊಮ್ಮೆ "ರೀ" ಎಂದಿತು.

ವಠಾರ ಬಿದ್ದು ಬಿದ್ದು ನಕ್ಕಿತು. ನನಗೆ ಮಾತ್ರ ಕಿವಿ ಬಿಸಿಯಾಯಿತು, ಏಕೆಂದರೆ ಆ ದನಿ ನನ್ನದೇ. ನಾನು ಇಷ್ಟು ಗಡುಸಾಗಿ ಕರೆಯುತ್ತೇನೆಂದು ನನಗೇ ಗೊತ್ತಿರಲಿಲ್ಲ. ಎದುರು ಮನೆಯಾಕೆ, ಇಷ್ಟು ವರ್ಷದಲ್ಲಿ ಒಂದೇ ಕರೆಗೆ ನಮ್ಮವರು ಎದ್ದು ಬಂದದ್ದು ಇದೇ ಮೊದಲು, ಗಿಣಿಯನ್ನು ನಮ್ಮ ಮನೆಗೂ ಒಂದೆರಡು ದಿನ ಕಳಿಸಿ ಎಂದರು. ದಿನಕ್ಕೆ ಹತ್ತಾರು ಸಲ ಹೀಗಾಗತೊಡಗಿದಾಗ ಯಜಮಾನರು ಸುಸ್ತಾದರು. ಗಿಣಿ ಒಮ್ಮೆ ಕರೆದು ಸುಮ್ಮನಾಗುತ್ತದೆ, ಮತ್ತೆ ಕರೆಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ ಎಂಬುದನ್ನು ಅವರೇ ಗಮನಿಸಿ ಒಂದು ನಿಯಮ ಮಾಡಿದರು.

"ಒಂದ್ ಸಲ ಕರೆದ್ರೆ ಗಿಣಿ. ಬೆನ್ನಿಗೇ ಇನ್ನೊಂದ್ ಸಲ ಕರೆದ್ರೆ ನೀನು. ಎರಡನೇ ಸಲಕ್ಕೇ ನಾನು ಏಳೋದು."

ಚಳಿ ಹೆಚ್ಚಿದಂತೆ ಅವರೆಕಾಯಿಯ ಸೊಗಡೂ ಹೆಚ್ಚಿತು. ಭಾನುವಾರ ಅಂಗಳದ ಬಿಸಿಲಲ್ಲಿ ಎದುರು ಮನೆಯಾಕೆಯೂ ನಾನೂ ನೆನೆಹಾಕಿದ ಅವರೆಕಾಳನ್ನು ಹಿದುಕುತ್ತಾ ಕೂರುತ್ತಿದ್ದೆವು. ಬೆರಳ ನಡುವೆ ಒತ್ತಿದರೆ ಸಿಪ್ಪೆ ಉಳಿದು ಬೇಳೆ ಪಾತ್ರೆಗೆ ಹಾರುತ್ತದೆ. ಗಿಣಿ ಇದನ್ನು ಎರಡು ಭಾನುವಾರ ನೋಡಿತು. ಮೂರನೆಯದಕ್ಕೆ ತಾನೇ ಕಾಳು ಕದ್ದು, ಕೊಕ್ಕಿನಿಂದ ನಮಗಿಂತ ಚುರುಕಾಗಿ ಹಿದುಕಿ, ಬೇಳೆ ನುಂಗಿ, ಸಿಪ್ಪೆಯನ್ನು ಸರಿಯಾಗಿ ನನ್ನ ಬೇಳೆಯ ಪಾತ್ರೆಗೇ ಹಾಕತೊಡಗಿತು. ಕದ್ದು ತಿನ್ನುತ್ತದೆ, ಬಂಗಾರ ಎಂದು ಕೈಯಲ್ಲಿ ಹಿಡಿದು ಕೊಟ್ಟರೆ ಬೆನ್ನು ತಿರುಗಿಸುತ್ತದೆ. ಇಷ್ಟು ಬಿಗುಮಾನದ ಸೊಸೆಯೂ ಇರಲಾರಳು. ಕತ್ತರಿಸಿದ ರೆಕ್ಕೆಯಲ್ಲಿ ಆಗಲೇ ಎರಡು ಹೊಸ ಗರಿ ಮೂಡಿದ್ದವು. ನೋಡಿ ಸಂತೋಷವಾಯಿತು, ಜೊತೆಗೇ ಇನ್ನೆಷ್ಟು ಭಾನುವಾರ ಉಳಿದಿದೆಯೆಂದು ಲೆಕ್ಕ ಹಾಕಿದೆ.

ಪಂಜರ ಸಿದ್ಧವಾಯಿತು, ತಂದುಬಿಡಿ ಎಂದು ಕೇಂದ್ರದಿಂದ ಫೋನ್ ಬಂತು. ಮಗಳಿಗೆ ಪರೀಕ್ಷೆಯಿತ್ತು, ನಾವಿಬ್ಬರೇ ಹೊರಟೆವು. ಮುಚ್ಚಳವಿರುವ ಬುಟ್ಟಿಯಲ್ಲಿ ಗಿಣಿ, ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಒಂದು ಡಬ್ಬಿ ಅವರೆಕಾಳು. ಗಿಣಿ ಸಾಕಿ ಗಿಡುಗನ ಕೈಗೆ ಕೊಟ್ಟ ಹಾಗಾಯಿತು ಎಂದು ಎದುರು ಮನೆಯಾಕೆ ಕಣ್ಣೊರೆಸಿಕೊಂಡರು. ಅಲ್ಲಿಗೆ ಹೋಗಿ ನೋಡಿದರೆ ಆ ಮಾತು ನಿಜವೇ ಆಗಿತ್ತು. ಬಾಗಿಲ ಪಕ್ಕದಲ್ಲೇ ಗಾಳಿಪಟದ ದಾರಕ್ಕೆ ಸಿಕ್ಕಿ ಗಾಯಗೊಂಡ ಹದ್ದುಗಳು ಸಾಲಾಗಿ ಕೂತಿದ್ದವು.

ದೊಡ್ಡ ಪಂಜರ ನಮ್ಮ ಅಂಗಳಕ್ಕಿಂತ ಅಗಲವಾಗಿತ್ತು, ಎತ್ತರವಾಗಿತ್ತು, ಒಳಗೆ ನಿಜವಾದ ಮರವಿತ್ತು. ನಾಲ್ಕೈದು ಗಿಣಿಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಹಾರುತ್ತಿದ್ದವು. ನಮ್ಮದು ಬುಟ್ಟಿಯ ಮೂಲೆಯಲ್ಲಿ ಮುದುರಿ ಕೂತು ಈಚೆಗೇ ಬರಲಿಲ್ಲ. ಯಜಮಾನರು ಕೈ ಚಾಚಿದರು, ಬರಲಿಲ್ಲ. ನಮಸ್ಕಾರ ಎಂದರು, ಬರಲಿಲ್ಲ. ನಾನು ಮೊಣಕಾಲೂರಿ, ಅಂಗೈಯಲ್ಲಿ ಅವರೆಕಾಳಿಟ್ಟು, ರಾಜ, ಬಂಗಾರ ಎಂದೆ. ಇನ್ನೂ ಹಿಂದಕ್ಕೆ ಸರಿಯಿತು. ಬುಟ್ಟಿಯೊಳಗೆ ಕತ್ತಲೆ, ನನ್ನ ಮಂಡಿ ನೋವು ಬೇರೆ. ನನಗೆ ತಾಳ್ಮೆ ತಪ್ಪಿತು.

"ರೀ, ಆ ಬುಟ್ಟೀನ ಸ್ವಲ್ಪ ಬೆಳಕಿಗೆ ತಿರುಗಿಸ್ಬಾರ್ದಾ? ಎಷ್ಟೊತ್ತು ಹೀಗೇ ಕೂತಿರ್ಲಿ ನಾನು?"

ಬುಟ್ಟಿಯಲ್ಲಿ ಗರಿ ಸರಿದ ಸದ್ದಾಯಿತು. ಯಜಮಾನರು ತಿರುಗಿಸುವ ಮೊದಲೇ ಕೆಂಪು ಕೊಕ್ಕು ಹೊರಗೆ ಬಂತು. ಗಿಣಿ ನನ್ನ ಮಣಿಕಟ್ಟಿನ ಮೇಲೆ ಒಂದು ಕಾಲಿಟ್ಟಿತು, ಆಮೇಲೆ ಇನ್ನೊಂದು. ಬೆಚ್ಚಗಿನ ಒರಟು ಕಾಲು. ಅಂಗೈಯಿಂದ ಒಂದು ಕಾಳು ತೆಗೆದು, ಹಿದುಕಿ, ಬೇಳೆ ತಿಂದು, ಸಿಪ್ಪೆಯನ್ನು ಮತ್ತೆ ನನ್ನ ಕೈಯಲ್ಲೇ ಇಟ್ಟಿತು. ಇನ್ನೊಂದು ತೆಗೆಯಿತು. ನಾನು ಅತ್ತೆ, ನಕ್ಕೆ, ಯಾವುದು ಮೊದಲು ಎಂದು ಈಗ ನೆನಪಿಲ್ಲ. ಜೇನುತುಪ್ಪದ ದನಿಯ ಆ ಹೆಂಗಸು ಯಾರೆಂದು ಪಾಪ ಅದಕ್ಕೆ ಗೊತ್ತೇ ಇರಲಿಲ್ಲ.

"ನಾನು ಅಷ್ಟ್ ಹೇಳ್ಕೊಟ್ಟೆ, ಒಂದೂ ಕಲೀಲಿಲ್ಲ," ಎಂದರು ಯಜಮಾನರು ಪಕ್ಕದಲ್ಲಿ ಕೂತು. "ಅದು ಕಿವಿಗೊಟ್ಟು ಕೇಳಿದ್ದು ನಿನ್ನೊಬ್ಬಳ್ನೇ."

ಡಬ್ಬಿ ಖಾಲಿಯಾಗುವವರೆಗೆ ತಿನ್ನಿಸಿದೆ. ಅಲ್ಲಿಯವರು ಮರದ ಕೊಂಬೆ ತೋರಿಸಿದರು. ನಾನೇ ಕೈ ಎತ್ತಿ ಹಿಡಿದೆ, ಗಿಣಿ ಕೊಂಬೆಗೆ ದಾಟಿಕೊಂಡಿತು. ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಗಿಣಿ ಬಂದು ಪಕ್ಕದಲ್ಲಿ ಕೂತಿತು. ನಮ್ಮದು ಅದರ ಕಡೆ ಓರೆಯಾಗಿ ನೋಡಿ, ಬಾಲ ಕೊಡವಿ, ಸ್ವಲ್ಪ ಜಾಗ ಬಿಟ್ಟುಕೊಟ್ಟಿತು.

ಮನೆಗೆ ಬಂದಾಗ ಸಂಜೆಯ ಬಿಸಿಲು ಗಿಣಿ ಕಡಿದ ಕಿಟಕಿಯಿಂದ ಒಳಗೆ ಬರುತ್ತಿತ್ತು. ಯಜಮಾನರು ಪೇಪರ್ ಹಿಡಿದು ಅಂಗಳದ ಕಡೆಯ ಕುರ್ಚಿಯಲ್ಲಿ ಕೂತರು. ನಾನು ಕಾಫಿ ಬೆರೆಸಿ ಅಡುಗೆಮನೆಯಿಂದಲೇ "ರೀ" ಎಂದು ಕರೆದೆ.

ಅವರು ಏಳಲಿಲ್ಲ. ಎರಡನೆಯ ಸಲಕ್ಕೆ ಕಾಯುತ್ತಿದ್ದಾರೆಂದು ಗೊತ್ತಾಯಿತು, ಆ ಒಂದು ಕರೆ ಗಿಣಿಯದೇ ಆಗಿರಲೆಂದು ನಾನು ಮತ್ತೆ ಕರೆಯಲಿಲ್ಲ.