ಕಟ್ಟದ ನೀರನ್ನು ಕೊಂಡವರು

ಜಾಗ ನೋಡುವವರು ನಮ್ಮ ಕಡೆಗೆ ಬರುವುದು ಜನವರಿಯಲ್ಲಿ. ಆಗ ಕೆಸರು ಒಣಗಿರುತ್ತದೆ, ಕಾರಿನ ಚಕ್ರ ಹೂಳುವುದಿಲ್ಲ. ಹೊಳೆಯ ಬದಿಯಲ್ಲಿ ನಿಂತು, ಮೊಬೈಲು ಎತ್ತಿ ಹಿಡಿದು, ಆಹಾ ಎನ್ನುತ್ತಾರೆ. ರಸ್ತೆ ಉಂಟಾ, ಕರೆಂಟು ಉಂಟಾ, ಪತ್ರ ಸರಿ ಉಂಟಾ ಎಂದು ಕೇಳುತ್ತಾರೆ. ಈ ನೀರು ಇಲ್ಲಿ ಯಾಕೆ ನಿಂತಿದೆ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಹಲಸಿನ ಹಣ್ಣು ಕೊಳ್ಳುವಾಗ ತಟ್ಟಿ, ಮೂಸಿ, ತಿರುಗಿಸಿ ನೋಡುವ ಜನ ನೆಲವನ್ನು ಮಾತ್ರ ದೂರದಿಂದ ಫೋಟೋ ತೆಗೆದು ಕೊಳ್ಳುತ್ತಾರೆ.

ನಾವು ಪುಂಜಾಲಕಟ್ಟೆಯಿಂದ ಒಳಗೆ ಈ ಹೊಳೆಬದಿಯ ಸಣ್ಣ ಮನೆಯನ್ನು ಕೊಂಡದ್ದು ಬಂಟ್ವಾಳ ಪೇಟೆಯ ಬಾಡಿಗೆ ಮನೆ ಸಾಕಾಗಿ. ಅಲ್ಲಿ ಬೇಸಿಗೆಯಲ್ಲಿ ಬಾವಿ ಬತ್ತಿ, ದೇವರ ತಲೆಗೆ ಟ್ಯಾಂಕರಿನ ನೀರು ಹೊಯ್ಯುತ್ತಿದ್ದೆ. ಡೀಸೆಲ್ ವಾಸನೆಯ ನೀರು. ದೇವರು ಸಹಿಸಿಕೊಂಡ, ಅದು ಅವನ ದೊಡ್ಡತನ. ಆದ್ದರಿಂದ ಬಾವಿಯನ್ನು ಮೇ ತಿಂಗಳಲ್ಲಿ ನೋಡದೆ ಯಾವ ಜಾಗವೂ ಬೇಡ ಎಂದು ನಾನು ಹಟ ಹಿಡಿದೆ.

"ಮೇ ತಿಂಗಳಲ್ಲಿ ಯಾರಾದರೂ ಜಾಗ ನೋಡ್ತಾರಾ ಅಮ್ಮ? ಚಂದವೇ ಇರುವುದಿಲ್ಲ" ಎಂದು ದಲ್ಲಾಳಿ ನಕ್ಕ.

"ಚಂದ ನೋಡ್ಲಿಕ್ಕೆ ನಾನು ಹೆಣ್ಣು ಕೇಳ್ಲಿಕ್ಕೆ ಬಂದದ್ದಲ್ಲ" ಎಂದೆ.

ಮೇ ತಿಂಗಳಲ್ಲೇ ಬಂದು ನೋಡಿದೆ, ಈ ಮನೆಯ ಬಾವಿಯ ತಳದಲ್ಲಿ ಮೊಣಕಾಲು ಮುಳುಗುವಷ್ಟು ನೀರಿತ್ತು. ಸುಡು ಬೇಸಿಗೆಯಲ್ಲಿ ಅಷ್ಟು ತೋರಿಸಿದ್ದಕ್ಕೆ ಅಲ್ಲೇ ಕೈ ಮುಗಿದೆ. ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಹೇಳಿದರು: "ನೀರು ಉಂಟು ಮಗಾ. ಆದರೆ ಕಟ್ಟಕ್ಕೆ ಬಂದರೆ ಮಾತ್ರ ಉಂಟು."

ಕಟ್ಟ ಎಂದರೆ ಹೊಳೆಗೆ ಅಡ್ಡ ಹಾಕುವ ಮಣ್ಣಿನ ಒಡ್ಡು. ಮಳೆಗಾಲ ಕಳೆದು ಹೊಳೆ ಸಣಕಲಾಗುವ ಹೊತ್ತಿಗೆ ಮನೆಗೊಬ್ಬರಂತೆ ಸೇರುತ್ತಾರೆ. ಕಾಯಿ ಒಡೆದು, ಹೊಳೆಗೆ ಹೂ ಹಾಕಿ, ಅಡಿಕೆ ಮರದ ಸೀಳು ನೆಟ್ಟು, ಮಣ್ಣಿನ ಚೀಲ ಪೇರಿಸಿ, ನಡುವೆ ಕೆಸರು ತುಳಿಯುತ್ತಾರೆ. ಅದರ ಮೇಲ್ಗಡೆ ನೀರು ನಿಂತು ಅಕ್ಕಪಕ್ಕದ ಬಾವಿಗಳು ಜೀವ ಹಿಡಿದುಕೊಳ್ಳುತ್ತವೆ. ಮಳೆ ಬರುವ ಮುಂಚೆ ಬಿಚ್ಚುತ್ತಾರೆ. ಕಟ್ಟದ ದಿನ ಅವಲಕ್ಕಿ, ಚಹಾ ನನ್ನ ಪಾಲಿನದು. ನನ್ನ ಗಂಡ ಮೇಷ್ಟ್ರು. ಅವರು ಹೊರುವ ಅರ್ಧ ಚೀಲ ನೋಡಿ ಉಳಿದವರು ಮುಖ ತಿರುಗಿಸಿ ನಗುತ್ತಿದ್ದರು. ಆದರೂ ಮೇಷ್ಟ್ರು ಹೊತ್ತರು.

ನಮ್ಮಿಂದ ಕೆಳಗಿನ ಜಾಗವನ್ನು ಮೂಡುಬಿದಿರೆಯಲ್ಲಿ ದೊಡ್ಡ ಅಂಗಡಿ ಇರುವವರೊಬ್ಬರು ಕೊಂಡರು. ನೋಡಿದ್ದು ಜನವರಿಯಲ್ಲಿ ಎಂದು ಬೇರೆ ಹೇಳಬೇಕಾಗಿಲ್ಲ. ಹೊಳೆಗೆ ಮೆಟ್ಟಿಲು ಕಟ್ಟಿಸಿದರು, ಮೆಟ್ಟಿಲಿಗೆ ಸ್ಟೀಲಿನ ಕಂಬಿ, ಮೇಲೆ ಗಾಜಿನ ಕೋಣೆ, ಉಯ್ಯಾಲೆ. ಗೇಟಿಗೆ ವಾಟರ್‌ಫ್ರಂಟ್ ಹೋಂಸ್ಟೇ ಎಂದು ಬೋರ್ಡು. ಬಾವಿ ತೋಡಿಸಲಿಲ್ಲ. ಹೊಳೆಯೇ ಎದುರಿಗಿರುವಾಗ ಬಾವಿ ಯಾಕೆ ಎಂದರಂತೆ. ಹೆಸರಿಗೊಂದು ಬೋರ್ ಕೊರೆಸಿದರು.

ನಮ್ಮ ಕಟ್ಟದ ಒಂದು ತುದಿ ತಲೆಮಾರುಗಳಿಂದ ಆ ಜಾಗದ ಕೆಳತುದಿಯ ದಂಡೆಗೇ ಊರುತ್ತಿದ್ದದ್ದು. ಆ ವರ್ಷ ಎಲ್ಲರೂ ಹಾರೆ ಹಿಡಿದು ಹೋದರೆ, ಮಹಾನುಭಾವರು ಬಿಳಿ ಪ್ಯಾಂಟಿನಲ್ಲಿ ಮೆಟ್ಟಿಲ ಮೇಲೆ ನಿಂತಿದ್ದರು.

"ಇಲ್ಲಿ ಚೀಲ ಇಡ್ಲಿಕ್ಕೆ ಆಗ್ಲಿಕ್ಕಿಲ್ಲ. ಇದು ನನ್ನ ಪಟ್ಟಾ ಜಾಗ."

"ಕಟ್ಟ ಯಾವಾಗಲೂ ಇಲ್ಲಿಯೇ ಸ್ವಾಮಿ" ಎಂದರು ಅಜ್ಜಿಯ ಮಗ.

"ಗೆಸ್ಟ್ ಬರ್ಲಿಕ್ಕೆ ಉಂಟು ಮಾರಾಯ್ರೆ. ಅವರು ನೋಡುವುದು ನೀರು, ನಿಮ್ಮ ಗೋಣಿಚೀಲ ಅಲ್ಲ. ವ್ಯೂ ಹಾಳಾಗ್ತದೆ."

"ಅಯ್ಯೋ ದೇವರೇ" ಎಂದರು ಅಜ್ಜಿ, "ಹಾಲು ಬೇಕು, ಹಟ್ಟಿಯಲ್ಲಿ ದನ ಬೇಡ ಅಂತ ಹೇಳುವ ಜಾತಿ ಇದು."

ಅವರಿಗೆ ಅರ್ಥವಾಗಲಿಲ್ಲ. ಹೊಳೆ ಆಗ ಇನ್ನೂ ಹರಿಯುತ್ತಿತ್ತು. ಹರಿಯುವ ನೀರನ್ನು ತೋರಿಸಿ, "ಇದು ಎಲ್ಲಿಗೆ ಹೋಗ್ತದೆ?" ಎಂದು ನಮ್ಮನ್ನೇ ಕೇಳಿದರು. ಸಮುದ್ರಕ್ಕೆ ಹೋಗುತ್ತದೆ ಎಂದು ನಾಲ್ಕನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ನನ್ನ ಗಂಡ ಅದನ್ನೇ ಹೇಳಹೊರಟು ಕೆಮ್ಮಿದರು. ಜಗಳ ಬರುವಲ್ಲಿ ಅವರು ಕೆಮ್ಮುತ್ತಾರೆ. ಅದೂ ಒಂದು ದಯೆಯೇ, ಎರಡು ಬಾಯಿ ಇರುವ ಮನೆ ಉಳಿಯುವುದಿಲ್ಲ.

ಎಲ್ಲರೂ ಬಂದು ನಮ್ಮ ಅಂಗಳದಲ್ಲಿ ಕುಳಿತರು. ಮಾಡಿದ ಅವಲಕ್ಕಿ ಹಾಗೆಯೇ ಇತ್ತು, ಯಾರೂ ಕೈ ಹಾಕಲಿಲ್ಲ. ಕಟ್ಟ ಇಲ್ಲದಿದ್ದರೆ ಶಿವರಾತ್ರಿಗೆ ಮುಂಚೆ ನನ್ನ ಬಾವಿ ಕಲ್ಲು ತೋರಿಸುತ್ತದೆ, ಮತ್ತೆ ಟ್ಯಾಂಕರು. ಮುದಿ ವಯಸ್ಸಿಗೆ ಅಂತ ಕೊಂಡ ಮನೆ. ಇನ್ನೊಂದು ಹುಡುಕುವ ಶಕ್ತಿ ನಮಗಿರಲಿಲ್ಲ.

"ನಮ್ಮ ದಂಡೆಗೆ ಹಾಕುವ" ಎಂದೆ.

"ನಿನ್ನ ಮಲ್ಲಿಗೆ?" ಎಂದರು ಗಂಡ.

ದಂಡೆಯ ಉದ್ದಕ್ಕೂ ಮಲ್ಲಿಗೆ ನೆಟ್ಟಿದ್ದೆ. ದೇವರಿಗೆ ಮುಡಿಸಿ ಉಳಿದದ್ದನ್ನು ಅಕ್ಕಪಕ್ಕಕ್ಕೆ ಕೊಡುವಷ್ಟು ಬಿಡುತ್ತಿತ್ತು. ಕಟ್ಟ ಬಂದರೆ ಚೀಲಕ್ಕೆ ಮಣ್ಣು ಅಲ್ಲಿಂದಲೇ ತೆಗೆಯಬೇಕು, ಆ ಸಾಲು ಪೂರ್ತಿ ಹೋಗಬೇಕು.

"ದೇವರಿಗೆ ತುಳಸಿಯೂ ಆಗ್ತದೆ. ನೀರಿಲ್ಲದೆ ಯಾವುದೂ ಆಗುವುದಿಲ್ಲ" ಎಂದೆ. ಗಿಡಗಳನ್ನು ನಾನೇ ಕಿತ್ತೆ. ಬೇರೆಯವರ ಕೈಯಲ್ಲಿ ಕೀಳಿಸಲು ಮನಸ್ಸು ಬರಲಿಲ್ಲ.

ಸಂಜೆಯೊಳಗೆ ಕಟ್ಟ ಎದ್ದಿತು. ನಮ್ಮಿಂದ ಮೇಲೆ ನೀರು ಮೆಲ್ಲಮೆಲ್ಲನೆ ಹರಡಿ ನಿಂತಿತು. ಕೆಳಗೆ ಸೋರಿದ್ದಷ್ಟೇ. ಜನವರಿಯಲ್ಲಿ ವಾಟರ್‌ಫ್ರಂಟಿನ ಎದುರು ಕಲ್ಲು, ಪಾಚಿ, ಎರಡು ಹಳೆಯ ಚಪ್ಪಲಿ. ಗೆಸ್ಟುಗಳು ಬಂದರು, ಮಕ್ಕಳ ಸೊಂಟಕ್ಕೆ ಗಾಳಿ ತುಂಬಿದ ಬಾತುಕೋಳಿ ಕಟ್ಟಿಕೊಂಡು. ಸ್ಟೀಲಿನ ಕಂಬಿ ಹಿಡಿದು ಗಂಭೀರವಾಗಿ ಮೆಟ್ಟಿಲಿಳಿದು, ಕಲ್ಲುಗಳ ನಡುವೆ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ನಗಬಾರದಿತ್ತು. ನಕ್ಕೆ.

ಮಾರ್ಚಿನಲ್ಲಿ ಹೋಂಸ್ಟೇಯ ಯಜಮಾನರೇ ನಮ್ಮ ಮನೆಗೆ ಬಂದರು. ಚಪ್ಪಲಿ ಬಿಟ್ಟು ಬಂದರು, ಅಷ್ಟರಲ್ಲೇ ವಿಷಯ ತಿಳಿಯಿತು.

"ಮೇಷ್ಟ್ರೇ, ಒಂದೆರಡು ಚೀಲ ತೆಗೆದರೆ ಸಾಕಿತ್ತು. ಶನಿವಾರ ಭಾನುವಾರ ಮಾತ್ರ."

ಮೇಷ್ಟ್ರು ಕೆಮ್ಮಿದರು.

"ಹೊಳೆ ವಾರಕ್ಕೆರಡು ದಿನ ಡ್ಯೂಟಿ ಮಾಡುವುದಿಲ್ಲ" ಎಂದೆ. "ಅಜ್ಜಿಯ ಬಾವಿಯಿಂದ ಹಿಡಿದು ಮೇಲಿನ ಎಲ್ಲ ಬಾವಿಗಳೂ ಈ ಚೀಲದ ಮೇಲೆ ನಿಂತಿವೆ. ಆಗ್ಲಿಕ್ಕಿಲ್ಲ."

ಅವರು ಸ್ವಲ್ಪ ಹೊತ್ತು ಉಯ್ಯಾಲೆಯ ಬೆಲೆ, ಗಾಜಿನ ಬೆಲೆ ಹೇಳಿದರು. ನಾನು ಅಕ್ಕಿ ಆರಿಸುತ್ತಿದ್ದೆ. ಕೊನೆಗೆ ಸ್ವರ ಇಳಿಯಿತು.

"ಬೋರಿನಲ್ಲಿ ಗಾಳಿ ಬರ್ತಾ ಉಂಟಮ್ಮ. ರೂಮಿನಲ್ಲಿ ಸಣ್ಣ ಮಗು ಇರುವ ಗೆಸ್ಟು ಸಂಸಾರ ಉಂಟು. ಕುಡಿಯಲಿಕ್ಕೆ..."

ಕುಡಿಯುವ ನೀರಿಗೆ ಇಲ್ಲ ಎನ್ನಲು ನನ್ನ ಬಾಯಿಗೆ ಬರುವುದಿಲ್ಲ. ಅಷ್ಟು ಕೆಟ್ಟವಳನ್ನಾಗಿ ದೇವರು ಮಾಡಲಿಲ್ಲ. ಹಗ್ಗ, ಕೊಡಪಾನ ತೋರಿಸಿದೆ. ಸೇದಿ ಕೊಡಲಿಲ್ಲ, ಅಷ್ಟು ಒಳ್ಳೆಯವಳನ್ನಾಗಿಯೂ ಮಾಡಲಿಲ್ಲ. ಅವರು ಬಾವಿಕಟ್ಟೆಗೆ ಪ್ಯಾಂಟು ತಾಗದಂತೆ ದೂರ ನಿಂತು ಸೇದಿದರು, ಅರ್ಧ ನೀರು ಕಾಲಿಗೇ ಬಿತ್ತು.

"ಮುಂದಿನ ವರ್ಷ ಕಟ್ಟ ನಮ್ಮ ದಂಡೆಗೇ ಹಾಕಿ" ಎಂದರು, ಏನೋ ದಾನ ಕೊಡುವವರಂತೆ.

"ಕಟ್ಟದ ದಿನ ಹಾರೆ ಹಿಡಿದು ಬನ್ನಿ, ಆಮೇಲೆ ನೋಡುವ" ಎಂದೆ.

ಮರುವರ್ಷ ಕಟ್ಟದ ದಿನ ಬಂದದ್ದು ಅವರಲ್ಲ, ಅವರ ಫೋನು. ಜೆಸಿಬಿ ಕಳಿಸಲಾ ಎಂದು ಕೇಳಿದರು. ಜೆಸಿಬಿಗೆ ಅವಲಕ್ಕಿ ಮಾಡಿಲ್ಲ ಎಂದು ಹೇಳಿ ಫೋನು ಇಟ್ಟೆ. ಕಟ್ಟವನ್ನು ನಮ್ಮ ದಂಡೆಗೇ ಹಾಕಿದೆವು.