ಷಡ್ಡಕನ ಕೆಂಪು ರೀಲು

ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ದರ್ಜಿಗೆ ಹೆಂಡತಿಯ ಬಾಯಿಂದ ಹೊಗಳಿಕೆ ಬಂದದ್ದು ಒಂದೇ ವಿಷಯಕ್ಕೆ: ವೈರು ಸುತ್ತುವುದಕ್ಕೆ. ಒಳಗೇ ಒಲೆ, ಹಾಸಿಗೆ ಎಲ್ಲ ಇರುವ ಹಳೆಯ ಮನೆವ್ಯಾನಿನಲ್ಲಿ ಊರೂರು ತಿರುಗುವ ಚಟ ಇಬ್ಬರಿಗೂ ಇತ್ತು. ಹೋದಲ್ಲೆಲ್ಲ ವ್ಯಾನು ನಿಲ್ಲಿಸುವ ಬಯಲಿನಲ್ಲಿ ಸ್ವಿಚ್ಚು ಕೂರಿಸಿದ ಕಂಬದಿಂದ ಕರೆಂಟು ಎಳೆದುಕೊಳ್ಳಲು ಬೆರಳು ದಪ್ಪದ ಉದ್ದನೆಯ ವೈರು ಬೇಕು. ಹೊರಡುವಾಗ ಅದರ ಧೂಳೊರೆಸಿ, ಒಂದು ಸುತ್ತು ಮೇಲಿಂದ, ಒಂದು ಸುತ್ತು ಕೆಳಗಿಂದ ಹಾಕಿ, ಪ್ಲಗ್ಗಿನ ಮೂತಿಗೆ ತಾನೇ ಹೊಲಿದ ಟೋಪಿ ತೊಡಿಸಿ, ಬಟ್ಟೆಪಟ್ಟಿಯಿಂದ ಗಂಟು ಹಾಕಿ ಚೀಲದಲ್ಲಿ ಮಲಗಿಸುತ್ತಿದ್ದ. ಹೆತ್ತ ಮಕ್ಕಳಿಗೂ ಅಷ್ಟು ಮುದ್ದು ಸಿಕ್ಕಿರಲಿಲ್ಲ.

"ನಿಮ್ಮ ಹಾಗೆ ಸುತ್ತೋರು ಯಾರೂ ಇಲ್ಲ ಕಣ್ರೀ," ಎಂದು ಹೆಂಡತಿ ಒಮ್ಮೆ ಹೇಳಿದ್ದಳು. ಆ ಮಾತನ್ನು ಅವನು ಎದೆಯ ಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡಿದ್ದ.

ಈ ಸಲ ಜೊತೆಗೆ ಷಡ್ಡಕನೂ ಹೊರಟ. ಹೆಂಡತಿಯ ಅಕ್ಕನ ಗಂಡ, ಹಲ್ಲಿನ ಡಾಕ್ಟರು. ಅವರ ಹೊಸ ವ್ಯಾನು, ಅದರೊಳಗಿನ ಸೋಫಾ, ಷವರು, ಎಲ್ಲವನ್ನೂ ದರ್ಜಿ ಹಲ್ಲು ಕಚ್ಚಿ ಸಹಿಸಿದ. ಹಲ್ಲಿನ ಡಾಕ್ಟರ ಎದುರು ಹಾಗೆ ಕಚ್ಚಬಾರದೆಂದು ತುಟಿ ಮುಚ್ಚಿಕೊಂಡೇ ಕಚ್ಚಿದ. ಆಮೇಲೆ ಡಾಕ್ಟರು ವೈರು ಸುತ್ತಿದ, ಹಿಡಿಕೆಯಿದ್ದ ಕೆಂಪು ರೀಲೊಂದನ್ನು ಇಳಿಸಿದರು. ಕಂಬಕ್ಕೆ ಮುಟ್ಟುವಷ್ಟೇ, ನಾಲ್ಕು ಮಾರು ವೈರು ಎಳೆದು ಸಿಕ್ಕಿಸಿ, ಉಳಿದದ್ದನ್ನು ರೀಲಿನಲ್ಲೇ ಬಿಟ್ಟು ಕೈ ಕೊಡವಿಕೊಂಡರು.

"ಅಯ್ಯೋ, ಭಾವಂದು ಎಷ್ಟು ನೀಟಾಗಿದೆ ನೋಡ್ರೀ! ನೀವು ಅರ್ಧ ಗಂಟೆ ಹಾವಾಡಿಗನ ಹಾಗೆ ಆಡ್ತಿರ್ತೀರ."

ಜೇಬಿನ ಗುಂಡಿ ಅಲ್ಲೇ ಕಿತ್ತು ಬಿತ್ತು.

ಮಧ್ಯಾಹ್ನ ಚಳಿಗಾಳಿ ಎದ್ದಿತು. ಅಕ್ಕತಂಗಿಯರೂ ಡಾಕ್ಟರೂ ಹೊಸ ವ್ಯಾನು ಹೊಕ್ಕು ಹೀಟರು, ಓವನ್ನು, ನೀರು ಕಾಯಿಸುವ ಕೆಟಲು, ಎಲ್ಲವನ್ನೂ ಒಟ್ಟಿಗೆ ಹಾಕಿದರು.

"ಒಳಗೆ ಬನ್ರೀ, ಬೆಚ್ಚಗಿದೆ!"

"ನನಗೆ ಸೆಖೆ," ಎಂದ ದರ್ಜಿ, ಸ್ವೆಟರಿನೊಳಗೆ ನಡುಗುತ್ತಾ. ಕಿಟಕಿಯಿಂದ ಹೆಂಡತಿಯ ನಗು ಕೇಳುತ್ತಿತ್ತು. ಅವನ ಜೋಕಿಗೆ ಅವಳು ಅಷ್ಟು ನಕ್ಕು ಯಾವ ಕಾಲವಾಗಿತ್ತೋ.

ಆಗ ಮೂಗಿಗೆ ಒಂದು ವಾಸನೆ ಬಡಿಯಿತು. ಬಟ್ಟೆ ಸುಡುವುದಕ್ಕೆ ಒಂದು ಗಳಿಗೆ ಮುಂಚೆ ಇಸ್ತ್ರಿ ಪೆಟ್ಟಿಗೆಯಿಂದ ಏಳುವಂಥ ವಾಸನೆ. ಹಿಂದೊಮ್ಮೆ ಅಂಗಡಿಯಲ್ಲಿ ವೈರಿನ ಸುರುಳಿ ಬಿಚ್ಚದೆ ಇಸ್ತ್ರಿ ಹಾಕಿ, ಸುರುಳಿ ಕರಗಿ, ಗಿರಾಕಿಯ ಕೋಟು ಹಾಳು ಮಾಡಿಕೊಂಡವನು ಅವನು. ಬಗ್ಗಿ ಕೆಂಪು ರೀಲು ಮುಟ್ಟಿದ. ಚುರ್ರೆಂದಿತು.

ಮೊದಲು ಬಂದದ್ದು ಸಂತೋಷ. ಇನ್ನೆರಡು ನಿಮಿಷ ತಡೆದರೆ ಹೊಗೆ ಬರುತ್ತದೆ, ಎಲ್ಲರೂ ನೋಡುತ್ತಾರೆ. ಮತ್ತೆ ಹೆಂಡತಿಯ ನಗು ಕೇಳಿಸಿತು. ಅವಳು ಇರುವುದು ಆ ವ್ಯಾನಿನೊಳಗೇ. ಎದ್ದು ಓಡಿ ಕಂಬದ ಸ್ವಿಚ್ಚು ಆರಿಸಿ, ಪ್ಲಗ್ಗು ಹಿಡಿದು ಕಿತ್ತ.

ಮೂವರೂ ಇಳಿದು ಬಂದರು. ಅವನ ಕೈಯಲ್ಲಿ ಇನ್ನೂ ಪ್ಲಗ್ಗಿತ್ತು.

"ಏನ್ರೀ ಇದು?" ಎಂದರು ಡಾಕ್ಟರು.

"ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವಾ?" ಹೆಂಡತಿಯ ಮುಖ ಕೆಂಪಾಗಿತ್ತು. "ನೀವೂ ಬರಲ್ಲ, ಬಂದೋರನ್ನೂ ಇರೋಕೆ ಬಿಡಲ್ಲ!"

"ನನ್ನ ಹೊಟ್ಟೆ ಆಮೇಲೆ ನೋಡುವೆಯಂತೆ. ಡಾಕ್ಟ್ರೇ, ರೀಲು ಮುಟ್ಟಿ ನೋಡಿ."

ಡಾಕ್ಟರು ಮುಟ್ಟಿ, ಬೆರಳನ್ನು ಬಾಯಿಗಿಟ್ಟುಕೊಂಡರು. ತಣ್ಣಗಾದ ಮೇಲೆ ಬಿಚ್ಚಿದರೆ ಒಳಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

"ಇಷ್ಟು ಕರೆಂಟು ಎಳೆಯೋವಾಗ ವೈರು ಪೂರ್ತಿ ಬಿಚ್ಚಿ ಹಾಸ್ಬೇಕು. ಸುತ್ತಿಟ್ರೆ ಬಿಸಿ ಹೊರಗೆ ಹೋಗಲ್ಲ," ಎಂದ ದರ್ಜಿ. ತನ್ನ ಎರಡನೇ ವೈರು ತಂದು ಉದ್ದಕ್ಕೂ ಹಾಸಿಕೊಟ್ಟು, "ಹೀಟರು, ಓವನ್ನು ಎಲ್ಲ ಒಂದೊಂದೇ ಹಾಕಿ" ಎಂದ.

ಹೆಂಡತಿ ಅವನ ಹೆಗಲಿಗೆ ಶಾಲು ಹೊದಿಸಿದಳು. ಅವನಿಗೆ ನಿಜವಾಗಿಯೂ ಸೆಖೆಯಾಯಿತು.

ಮರುದಿನ ಹೊರಡುವಾಗ ಡಾಕ್ಟರು ಅವನ ಪಕ್ಕ ಕುಕ್ಕುರುಗಾಲಲ್ಲಿ ಕೂತರು. "ಸುತ್ತೋದು ನನಗೂ ಹೇಳಿಕೊಡಿ."

"ಹೇಳಿಕೊಡ್ರೀ," ಎಂದಳು ಹೆಂಡತಿ. "ಭಾವ ಬೇಗ ಕಲೀತಾರೆ."

ಅದೊಂದು ಮಾತು ಬೇಕಿರಲಿಲ್ಲ. ದರ್ಜಿ ಎಲ್ಲವನ್ನೂ ಹೇಳಿಕೊಟ್ಟ: ಮೊದಲು ಸ್ವಿಚ್ಚು, ಆಮೇಲೆ ಪ್ಲಗ್ಗು, ಮೇಲಿಂದೊಂದು ಸುತ್ತು, ಕೆಳಗಿಂದೊಂದು. ಡಾಕ್ಟರು ನಿಜಕ್ಕೂ ಬೇಗ ಕಲಿತರು. ಕೊನೆಯ ಗಂಟು ಹಾಕುವಾಗ ಮಾತ್ರ ದರ್ಜಿ ಅವರಿಗೆ ಬೆನ್ನು ಮಾಡಿದ.